ಗೋಡೆಯಾಚೆಯ ಮೇನ್ ಸ್ವಿಚ್

ಗುರುವಾರ ಬೆಳಿಗ್ಗೆ ಎಂಟೂವರೆಗೆಲ್ಲ ಈಶಪ್ಪ ತನ್ನ ಶೆಡ್ಡಿನೊಳಗೆ ನಿಂತು ಕೂಗಾಡುತ್ತಿದ್ದ. ನಾಲ್ಕು ಜನ ಸೇರಿ ಆಳೆತ್ತರದ ಕಬ್ಬಿಣದ ರ‍್ಯಾಕೊಂದನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದರು. ರ‍್ಯಾಕಿನ ತುಂಬ ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚುಗಳು, ಒಂದೊಂದೂ ಇಪ್ಪತ್ತು ಮೂವತ್ತು ಕಿಲೋ ತೂಕದವು. ತಳ್ಳಿದಷ್ಟೂ ಅದರ ಕಾಲು ಸಿಮೆಂಟ್ ನೆಲವನ್ನು ಕೆರೆದು ಕಿವಿ ಕೊರೆಯುತ್ತಿತ್ತು.

"ಇನ್ನೂ ಈ ಕಡೆ, ಯಮನೂರ! ಬಾಗಲ ಅಂಚು ಕಾಣಾಕತ್ತೈತಿ ನೋಡು."

ಯಮನೂರ ಈಶಪ್ಪನ ಫಿಟ್ಟರ್. ಯಂತ್ರ ಕೆಟ್ಟರೆ ಸರಿಮಾಡುವವನು, ಕೆಡದಿದ್ದರೆ ಯಾವಾಗ ಕೆಡುತ್ತದೋ ಎಂದು ಕಾಯುವವನು. ಬೆವರು ಒರೆಸಿಕೊಂಡು ಹೇಳಿದ, "ಅಣ್ಣಾರ, ಇದನ್ನ ಮತ್ತ ಸರಸಬೇಕಂದ್ರ ನಾಕ್ ಮಂದಿ ಬೇಕಾಕ್ಕಾರ. ನಡುವ ಏನಾರ ಆದ್ರ?"

"ಏನಾಗ್ತೈತಿ? ಆ ಇನ್‌ಸ್ಪೆಕ್ಟರ್ ಬಂದು ಹೋಗೂಮಟ ಒಂದ್ ತಾಸು. ಬಾಯಿ ಮುಚ್ಚಿ ತಳ್ಳು."

ಈ ಬಾಗಿಲಿನ ಸಮಾಚಾರ ಮೊದಲು ಹೇಳಿಬಿಡಬೇಕು. ಪೀಣ್ಯ ಎರಡನೇ ಹಂತದ ಆ ಶೆಡ್ಡು ಮೊದಲು ಒಂದೇ ಆಗಿತ್ತು. ಈಶಪ್ಪ ಅದರಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತಗಡಿನ ಕ್ಲಾಂಪು, ಬ್ರ್ಯಾಕೆಟ್ಟು ಮಾಡುತ್ತಿದ್ದ. ಕೆಲಸ ಹೆಚ್ಚಿತು, ಆಳುಗಳು ಹೆಚ್ಚಿದರು. ಒಂಬತ್ತು ಜನ ಇರುವ ತನಕ ಕಾರ್ಖಾನೆ ಕಾನೂನು ನಿನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಹತ್ತನೆಯವನು ಒಳಗೆ ಕಾಲಿಟ್ಟ ದಿನ ಲೈಸೆನ್ಸು, ರಿಜಿಸ್ಟರು, ತಪಾಸಣೆ ಎಲ್ಲ ಅವನ ಬೆನ್ನಿಗೇ ಬರುತ್ತವೆ ಎಂದು ಯಾರೋ ಹೇಳಿದರು. ಈಶಪ್ಪನ ಬಳಿ ಹದಿನೆಂಟು ಜನ ಇದ್ದರು. ಅವನು ಹೆಚ್ಚು ಯೋಚಿಸಲಿಲ್ಲ. ಶೆಡ್ಡಿನ ನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿದ. ಈ ಕಡೆಗೆ ಅವನ ಹೆಸರಿನ ಬೋರ್ಡು, ಆ ಕಡೆಗೆ ಹೆಂಡತಿಯ ಹೆಸರಿನ 'ಸುಮಂಗಲಾ ಎಂಟರ್‌ಪ್ರೈಸಸ್'. ಇಲ್ಲಿ ಒಂಬತ್ತು, ಅಲ್ಲಿ ಒಂಬತ್ತು. ಕೆಲಸ ಮಾತ್ರ ಒಂದೇ ಆದ್ದರಿಂದ ಗೋಡೆಯ ನಡುವೆ ಒಂದು ಬಾಗಿಲು. ಈ ಕಡೆ ತಗಡು ನೇರವಾಗಿ, ತುಂಡಾಗಿ, ಆ ಬಾಗಿಲಿನಿಂದ ಆ ಕಡೆ ಹೋಗಿ ಬಾಗಿ, ತೂತು ಬಿದ್ದು, ಹಾಗೇ ಲಾರಿ ಹತ್ತುತ್ತಿತ್ತು.

ಗೋಡೆ ಕಟ್ಟುವ ಉತ್ಸಾಹದಲ್ಲಿ ಎರಡು ಸಂಗತಿ ಆ ಕಡೆಗೆ ಉಳಿದವು. ಒಂದು ಕಕ್ಕಸು. ಇನ್ನೊಂದು ಕರೆಂಟಿನ ಮೇನ್ ಸ್ವಿಚ್. ಈ ಕಡೆಗೊಂದು ಬೇರೆ ಮೇನ್ ಹಾಕಿಸಿ ಎಂದು ಎಲೆಕ್ಟ್ರಿಷಿಯನ್ ಬಡಕೊಂಡಿದ್ದ. "ಹತ್ ಹೆಜ್ಜಿ ಐತಲ್ಲೋ, ಓಡಿಹೋಗಿ ಎಳದ್ರಾತು" ಎಂದು ಈಶಪ್ಪ ಅವನನ್ನು ಸಾಗಹಾಕಿದ. ನಿಜ ಹೇಳಬೇಕೆಂದರೆ ಎಂಟು ವರ್ಷ ಅದು ಹಾಗೇ ನಡೆದಿತ್ತು. ತಗಡು ನೇರ ಮಾಡುವ ರೋಲರ್ ಯಂತ್ರದ ಸ್ಟಾರ್ಟರ್ ಹಳೆಯದು. ತಿಂಗಳಿಗೊಮ್ಮೆಯೋ ಎರಡು ಸಲವೋ, ಕೆಂಪು ಗುಂಡಿ ಒತ್ತಿದರೂ ಒಳಗಿನ ಪಾಯಿಂಟು ಅಂಟಿಕೊಂಡು ರೋಲರ್ ತಿರುಗುತ್ತಲೇ ಇರುತ್ತಿತ್ತು. ಆಗ ಯಮನೂರ ಬೈಯುತ್ತ ಬಾಗಿಲು ದಾಟಿ ಹೋಗಿ ಮೇನ್ ಎಳೆದು ಬರುತ್ತಿದ್ದ. ಯಂತ್ರ ನಿಲ್ಲಿಸುವುದು ಅಂದರೆ ಅಲ್ಲಿ ಎಲ್ಲರಿಗೂ ಅದೇ ಅರ್ಥ. ಹೊಸ ಸ್ಟಾರ್ಟರ್ ಹಾಕಲು ಅರ್ಧ ದಿನ ಯಂತ್ರ ಬಂದ್ ಮಾಡಬೇಕು, ಅರ್ಧ ದಿನ ಬಂದ್ ಮಾಡಿದರೆ ಲೋಡು ತಪ್ಪುತ್ತದೆ. "ಮುಂದಿನ ವಾರ" ಎನ್ನುತ್ತಿದ್ದ ಈಶಪ್ಪ, ಪ್ರತಿ ವಾರವೂ.

ಈಗ ಯಾವನೋ ಪುಣ್ಯಾತ್ಮ ಹೆಸರಿಲ್ಲದ ಅರ್ಜಿ ಗೀಚಿ ಹಾಕಿದ್ದ. ಎರಡು ಯೂನಿಟ್ ಅಲ್ಲ, ಒಂದೇ, ಬಂದು ನೋಡಿ ಅಂತ. ಗುರುವಾರ ಬರುತ್ತೇವೆ ಎಂದು ಕಾರ್ಖಾನೆ ಇಲಾಖೆಯಿಂದ ಫೋನ್ ಬಂದಾಗಿನಿಂದ ಈಶಪ್ಪನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಒಂದೇ ಎಂದು ಸಾಬೀತಾದರೆ ಕೇಸು. ಕೇಸಾದರೆ ಪಂಪ್ ಕಂಪನಿಯವರು ಪಟ್ಟಿಯಿಂದ ಹೆಸರು ಕಿತ್ತು ಹಾಕುತ್ತಾರೆ. ಅವನಿಗಿದ್ದದ್ದು ಆ ಒಂದೇ ಗಿರಾಕಿ.

ಸರ್ಕಾರ ಅಂದರೆ ಈಶಪ್ಪನಿಗೆ ಮೈಯೆಲ್ಲ ಉರಿ. ರಸ್ತೆ ತುದಿಯ ಮುನಿಯಕ್ಕನ ಟೀ ಅಂಗಡಿಯಲ್ಲಿ ಅವನ ಭಾಷಣ ಕೇಳದ ಪೀಣ್ಯದ ಮನುಷ್ಯನೇ ಇಲ್ಲ. "ಬಜಾರಿಗೆ ಬಿಟ್ಟುಬಿಡ್ರೀ! ಚೊಲೋ ಮಾಲ್ ಮಾಡಾಂವ ಉಳೀತಾನ, ಹೊಲಸ್ ಮಾಡಾಂವ ಮನೀಗ್ ಹೊಕ್ಕಾನ. ಕೊಳ್ಳಾಂವ ಒಪ್ಯಾನ, ಮಾರಾಂವ ಒಪ್ಯಾನ. ನಡುವ ಇವರದೇನ್ ಕೆಲಸ? ಕೈ ಕಟ್ಟಿ ಹಾಕಿ, ಈಜು ಅಂದ್ರ ಹೆಂಗ ಈಜೂದು?" ಸುಮ್ಮನೆ ಹರಟುವ ಮನುಷ್ಯನೂ ಅಲ್ಲ ಅವನು. ಕುಷ್ಟಗಿ ಕಡೆಯಿಂದ ಬರಿಗೈಯಲ್ಲಿ ಬಂದು, ಲಗ್ಗೆರೆಯ ಒಂದು ಕೋಣೆಯಲ್ಲಿ ಆರು ಜನರ ಜೊತೆ ಮಲಗಿ, ಗುಜರಿಗೆ ಹೋಗುತ್ತಿದ್ದ ಒಂದು ಪ್ರೆಸ್ಸನ್ನು ತಂದು ರಿಪೇರಿ ಮಾಡಿ ಶುರು ಮಾಡಿದವನು. ಅವನಿಗೆ ಯಾವ ಆಫೀಸೂ ಒಂದು ಲೋಟ ನೀರು ಕೊಟ್ಟಿರಲಿಲ್ಲ. ಅವನ ಸಿಟ್ಟು ದುಡಿದು ಗಳಿಸಿದ ಸಿಟ್ಟು.

ಆದರೆ ಅವನ ಬಜಾರು ಯಾವುದು ಅಂತ ಮುನಿಯಕ್ಕನ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಪಂಪ್ ಕಂಪನಿಯ ಪರ್ಚೇಸ್ ಮ್ಯಾನೇಜರ್ ಫೋನ್ ಮಾಡಿ, "ಈಶಪ್ಪನವ್ರೇ, ಈ ಸಲ ರೇಟು ಮೂರು ಪರ್ಸೆಂಟ್ ಇಳಿಸ್ಬೇಕು, ಹೊಸೂರಿನವರು ರೆಡಿ ಇದಾರೆ" ಎನ್ನುತ್ತಿದ್ದ. ಈಶಪ್ಪ "ಆತ್ರಿ ಸರ್" ಎನ್ನುತ್ತಿದ್ದ. ಆ ಕಂಪನಿಯ ನಲವತ್ತು ಪುಟದ ಕರಾರಿಗೆ ಓದದೆ ಸಹಿ ಹಾಕಿದ್ದ. ಸರ್ಕಾರದ ಒಂದು ಪುಟದ ಫಾರ್ಮು ಕಂಡರೆ ಮಾತ್ರ ಅವನಿಗೆ ಕೈ ಕಟ್ಟಿ ಹಾಕಿದ ಹಾಗಾಗುತ್ತಿತ್ತು. ಈ ಮಾತು ಹೇಳಿದರೆ ಜಗಳಕ್ಕೇ ಬರುತ್ತಿದ್ದ, ಬಿಡಿ.

ರ‍್ಯಾಕು ಬಾಗಿಲನ್ನು ಪೂರ್ತಿ ಮುಚ್ಚಿತು. ಈಶಪ್ಪ ರಸ್ತೆಗೆ ಬಂದು, ಮೂಲೆ ಸುತ್ತಿ, ಹಿಂದಿನ ಗಲ್ಲಿಯಲ್ಲಿದ್ದ ಸುಮಂಗಲಾ ಎಂಟರ್‌ಪ್ರೈಸಸ್ಸಿನ ಬಾಗಿಲಿಗೆ ಹೋದ. ಅಲ್ಲಿನ ಒಂಬತ್ತು ಜನಕ್ಕೆ ಇವತ್ತು ವಾರದ ರಜೆ ಎಂದು ಹೇಳಿ ಕಳಿಸಿಯಾಗಿತ್ತು. ನಡುವಿನ ಬಾಗಿಲು ಈ ಕಡೆಯಿಂದಲೂ ಕಾಣದಂತೆ ತಗಡಿನ ಹಾಳೆಗಳನ್ನು ಒರಗಿಸಿಟ್ಟಿದ್ದರು. ಸುಮಂಗಲಾ ಒಬ್ಬಳೇ ಕುರ್ಚಿಯ ಮೇಲೆ ಕೂತು, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮದುವೆ ಮನೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು.

"ಶಟರ್ ಎಳಕೊಂಡು ಒಳಗ ಚಿಲಕ ಹಾಕ್ಕೊ," ಎಂದ ಈಶಪ್ಪ. "ಆ ಮೇಡಂ ಈ ಕಡಿ ಬಂದು ಶಟರ್ ಬಡದ್ರಷ್ಟ ತೆಗಿ. ರಜಾ ಇತ್ರೀ, ಲೆಕ್ಕ ಬರೆಯಾಕ ಬಂದಿದ್ದೆ ಅನ್ನು. ಫೋನ್ ಬಂದ್ ಮಾಡು. ಗೋಡಿ ಆಚಿಗೆ ಏನ್ ಸಪ್ಪಳಾದ್ರೂ, ನಾನ ಕೂಗಿದ್ರೂ, ಓ ಅನಬ್ಯಾಡ. ಬಾಜೂದಾಂವ ಯಾರಂತ ನಿನಗ ಗೊತ್ತ ಇಲ್ಲ."

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಈಗ ಯಾರಂತ ಗೊತ್ತಿಲ್ಲ ಅನಬೇಕಾ?" ಸುಮಂಗಲಾ ನಕ್ಕಳು. "ಅನ್ನೂದೇನ್ ಕಷ್ಟ ಅಲ್ಲ ಬಿಡ್ರಿ. ಎಷ್ಟೋ ದಿನ ನನಗೂ ಹಂಗ ಅನಸೈತಿ."

"ಚೇಷ್ಟಿ ಮಾಡಬ್ಯಾಡ. ಮನಿ ಮಠ ಹೋಕ್ಕಾವ ಇವತ್ತು ತಪ್ಪಿದ್ರ." ಅವನ ದನಿ ನಡುಗಿದ್ದು ಕೇಳಿ ಅವಳ ನಗು ನಿಂತಿತು. ಅವಳು ತಲೆಯಾಡಿಸಿ ಶಟರ್ ಎಳೆದುಕೊಂಡಳು.

ವಾಪಸ್ ಬಂದವನು ಕೊನೆಯದಾಗಿ ಹೊಸ ಕೈಗವಸುಗಳ ಕಟ್ಟನ್ನು ಬಿಚ್ಚಿ ಎಲ್ಲರಿಗೂ ಹಂಚಿದ. ಬಿಳಿ ಬಟ್ಟೆಯವು, ಎಲ್ಲರ ಕೈಗೂ ದೊಗಳೆ. ರೋಲರ್ ಯಂತ್ರದ ಮುಂದೆ ನಿಂತಿದ್ದ ಮರೆವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳೂ ಅವನ ಊರ ಕಡೆಯವಳೇ. ಗಂಡ ಇಲ್ಲ, ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ, ಪಿಯುಸಿ ಓದುವ ಮಗಳು. ಸುರುಳಿಯಿಂದ ಬರುವ ತಗಡಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತ ರೋಲರ್‌ಗಳ ನಡುವೆ ಬಿಡುವುದು ಆರು ವರ್ಷದಿಂದ ಅವಳ ಕೆಲಸ.

"ಅಣ್ಣಾರ, ತಿರಗೂ ರೋಲರ್ ಮುಂದ ಇಂಥಾ ಕೈಚೀಲ ಹಾಕಬಾರದಂತ ಮದಲನೇ ದಿನ ನೀವ ಹೇಳಿದ್ರಲ್ಲ? ಬಟ್ಟಿ ಸಿಕ್ಕರ ಕೈ ಎಳಕೊಂಡ್ ಹೊಕ್ಕೈತಿ ಅಂತ?"

ಹೇಳಿದ್ದು ನಿಜ. ಈ ಕೆಲಸದ ಮೊದಲ ಪಾಠವೇ ಅದು. "ಇವತ್ತೊಂದಿನ ಹಾಕ್ಕೊಳವ್ವ," ಎಂದ ಈಶಪ್ಪ. "ಬರಿಗೈ ಕಂಡ್ರ ಬರಕೊಂಡ್ ಹೊಕ್ಕಾಳ. ಸ್ವಲ್ಪ ನೋಡಿ ಮಾಡು."

ಮರೆವ್ವ ಹಾಕಿಕೊಂಡಳು.

ಹತ್ತು ಗಂಟೆಗೆ ಜೀಪು ಬಂತು. ಇಳಿದವರು ಒಬ್ಬರೇ. ವೇಣಿ ಮೇಡಂ, ಫ್ಯಾಕ್ಟರಿ ಇನ್‌ಸ್ಪೆಕ್ಟರ್, ಐವತ್ತರ ಆಸುಪಾಸು, ಕಾಲಲ್ಲಿ ದಪ್ಪ ಶೂ, ಕೈಯಲ್ಲಿ ಒಂದು ಫೈಲು. ಈಶಪ್ಪ ಎಳನೀರು ತರಿಸಿದ್ದ. ಅವರು ಅದರ ಕಡೆ ನೋಡಲೂ ಇಲ್ಲ.

"ಎಷ್ಟು ಜನ ಕೆಲಸ ಮಾಡ್ತಾರೆ ಇಲ್ಲಿ?"

"ಒಂಬತ್ ಮಂದಿ ಮೇಡಂ."

"ಪಕ್ಕದ ಯೂನಿಟ್ಟು?"

"ಅದು ನಮಗ ಸಂಬಂಧ ಇಲ್ರಿ. ಬ್ಯಾರೆಯವರದು."

"ಸುಮಂಗಲಾ ಅಂತ ಓನರ್ ಹೆಸರು. ನಿಮ್ಮ ಮನೆಯವ್ರ ಹೆಸ್ರೂ ಅದೇ ಅಲ್ವಾ?"

"ಅಂದ್ರ... ಹೌದ್ರಿ, ಆಕೀದು ವ್ಯವಹಾರ ಬ್ಯಾರೆ ಮೇಡಂ. ಆಕಿ ದಂಧೆ ಆಕೀಗೆ, ನನ್ನ ದಂಧೆ ನನಗ. ಈಗಿನ ಕಾಲದಾಗ ಹೆಣಮಕ್ಕಳು ಸ್ವತಂತ್ರ ಇರಬಾರದೇನ್ರಿ?"

"ಇರಲಿ, ಒಳ್ಳೇದೇ," ಎಂದರು ವೇಣಿ ಮೇಡಂ, ಮುಖದ ಒಂದು ಗೆರೆಯೂ ಅಲುಗದೆ. ಗೋಡೆಯ ಉದ್ದಕ್ಕೂ ನಡೆದರು. ಬೆರಳ ಗಂಟಿನಿಂದ ಅಲ್ಲಲ್ಲಿ ಬಡಿದು ನೋಡಿದರು. ರ‍್ಯಾಕಿನ ಮುಂದೆ ನಿಂತು, ನೆಲದ ಮೇಲೆ ಅದರ ಕಾಲು ಕೆರೆದ ಹೊಸ ಗೀರನ್ನು ಬಹಳ ಹೊತ್ತು ನೋಡಿದರು. ಕೂಲಿಗೆ ಬಂದವನಿಗೆ ಕೆಲಸ ಕೊಟ್ಟದ್ದು ಅಪರಾಧ, ಹತ್ತನೆಯವನಿಗೆ ಕೊಟ್ಟದ್ದು ಮಹಾಪರಾಧ, ಇದೆಂಥ ನ್ಯಾಯ ಎಂದು ಅವನ ಒಳಗೆ ಕುದಿಯುತ್ತಿತ್ತು. ಹದಿನೆಂಟು ಮನೆಯ ಒಲೆ ಉರಿಸುವವನು ನಾನು, ಆರಿಸಲು ಬಂದವಳು ಇವಳು. ಹಾಗಂತ ಕೂಗಿ ಹೇಳಬೇಕು ಅನ್ನಿಸಿತು. ಬಾಯಲ್ಲಿ ಮಾತ್ರ "ಎಳನೀರು ಕುಡೀರಿ ಮೇಡಂ" ಎಂದು ಬಂತು.

ಅವರು ರೋಲರ್ ಯಂತ್ರದ ಕಡೆ ತಿರುಗಿದರು. ಆ ಶೆಡ್ಡಿನಲ್ಲಿದ್ದ ಒಬ್ಬಳೇ ಹೆಂಗಸಿನ ಹತ್ತಿರ ಹೋಗಿ ನಿಂತರು. ಮರೆವ್ವನ ಕೈಯ ಬಿಳಿ ಕೈಗವಸಿನ ಮೇಲೆ ಅವರ ಕಣ್ಣು ಬಿತ್ತು, ಹುಬ್ಬು ಗಂಟಾಯಿತು. ಆದರೆ ಬಾಯಿಂದ ಮೊದಲು ಬಂದದ್ದು ಬೇರೆ ಪ್ರಶ್ನೆ. ಅವರು ಬಂದಿದ್ದ ಕೆಲಸದ ಪ್ರಶ್ನೆ.

"ಏನಮ್ಮಾ, ನಿಮ್ಗೆ ಬಾತ್‌ರೂಮ್ ಎಲ್ಲಿದೆ ಇಲ್ಲಿ?"

ಮರೆವ್ವ ತಲೆಯೆತ್ತಿ ಈಶಪ್ಪನ ಕಡೆ ನೋಡಿದಳು. ಕಕ್ಕಸು ಗೋಡೆಯಾಚೆ ಇದೆ ಎಂದು ಅವಳು ಹೇಳುವಂತಿರಲಿಲ್ಲ. ಈಶಪ್ಪ ಕಣ್ಣಲ್ಲೇ ಬೇಡ ಎಂದ. ಅವಳು ಹೊರಗಿನ ಗೇಟಿನ ಕಡೆ ಎಡಗೈ ತೋರಿಸುತ್ತ, "ಅಲ್ಲೇ ಹೊರಗ ಐತ್ರಿ ಅಕ್ಕಾರ, ಆ ಕಡಿ..." ಎಂದಳು. ಬಲಗೈ ಅಭ್ಯಾಸದ ಮೇಲೆ ತಗಡು ಒರೆಸುತ್ತಲೇ ಇತ್ತು. ಕಣ್ಣು ಅದರ ಮೇಲಿರಲಿಲ್ಲ. ದೊಗಳೆ ಕೈಗವಸಿನ ತುದಿ ತಗಡಿನ ಜೊತೆಗೇ ಎರಡು ರೋಲರ್‌ಗಳ ನಡುವೆ ಹೋಯಿತು.

ಮೊದಲು ಅವಳಿಗೇ ತಿಳಿಯಲಿಲ್ಲ. ಆಮೇಲೆ ಕೂಗಿದಳು.

ಆ ರೋಲರ್ ತಿರುಗುವುದು ನಿಧಾನ. ತಗಡು ಅಂಗುಲ ಅಂಗುಲವಾಗಿ ಒಳಗೆ ಹೋಗುತ್ತದೆ. ಯಮನೂರ ಒಂದೇ ನೆಗೆತಕ್ಕೆ ಬಂದು ಕೆಂಪು ಗುಂಡಿ ಒತ್ತಿದ. ರೋಲರ್ ನಿಲ್ಲಲಿಲ್ಲ. ಮತ್ತೆ ಒತ್ತಿದ, ಮುಷ್ಟಿಯಿಂದ ಗುದ್ದಿದ. ಸ್ಟಾರ್ಟರ್ ಅಂಟಿಕೊಂಡಿತ್ತು. ಇಬ್ಬರು ಮರೆವ್ವನ ಸೊಂಟ ಹಿಡಿದು ಹಿಂದಕ್ಕೆ ಎಳೆಯತೊಡಗಿದರು. ಯಮನೂರ ಎಂಟು ವರ್ಷದ ಅಭ್ಯಾಸದಂತೆ ಬಾಗಿಲ ಕಡೆಗೆ ಓಡಿದ, ಓಡಿ ರ‍್ಯಾಕಿಗೆ ಎದೆ ಬಡಿಸಿಕೊಂಡ. ತಿರುಗಿ ನಿಂತು ಈಶಪ್ಪನನ್ನು ನೋಡಿದ.

"ಅಣ್ಣಾರ!"

"ಮೇನ್ ಎಲ್ರೀ? ಮೇನ್ ಆಫ್ ಮಾಡ್ರೀ!" ವೇಣಿ ಮೇಡಂ ಕಿರುಚುತ್ತಿದ್ದರು. "ಮೇನ್ ಎಲ್ಲಿದೆ ಹೇಳ್ರೀ ಯಾರಾದ್ರೂ!"

ಯಾರೂ ಹೇಳಲಿಲ್ಲ. ಎಲ್ಲರೂ ಈಶಪ್ಪನನ್ನೇ ನೋಡಿದರು. ಹೇಳಬೇಕಾದವನು ಅವನು, ಹೇಳಬೇಡಿ ಎಂದವನೂ ಅವನೇ.

ಗೋಡೆಯ ಆಚೆ, ಹತ್ತು ಹೆಜ್ಜೆ ದೂರದಲ್ಲಿ, ಸುಮಂಗಲಾ ಕೂತಿದ್ದಳು. ಅವಳ ತಲೆಯ ಮೇಲೇ ಆ ಸ್ವಿಚ್ಚು. ಒಂದು ಕೂಗು ಹಾಕಿದರೆ ಸಾಕು. ಆದರೆ ಆ ಕೂಗು ಬಾಯಿಂದ ಬಿತ್ತೋ, ಗೋಡೆ ಸುಳ್ಳು, ಬೋರ್ಡು ಸುಳ್ಳು, ಎಂಟು ವರ್ಷ ಸುಳ್ಳು. ಈ ಹೆಂಗಸು ಇಲ್ಲೇ ನಿಂತಿದ್ದಾಳೆ, ಫೈಲು ಕೈಯಲ್ಲೇ ಇದೆ. ಬೇರೆ ದಾರಿ ಇರಬೇಕು. ಮೋಟಾರಿನ ವೈರು ಕಿತ್ತರೆ? ಕಬ್ಬಿಣದ ಪೈಪಿನೊಳಗಿದೆ. ರೋಲರಿನ ತಿರುಪು ತಿರುಗುವಾಗ ಜಗ್ಗುವುದಿಲ್ಲ. ಹೊರಗೋಡಿ ಮೂಲೆ ಸುತ್ತಿ ಹೋದರೆ? ಶಟರಿಗೆ ಒಳಗಿನಿಂದ ಚಿಲಕ. ಸ್ಟಾರ್ಟರ್ ತಾನೇ ಬಿಟ್ಟುಕೊಂಡರೆ? ಒಮ್ಮೊಮ್ಮೆ ಬಿಟ್ಟುಕೊಂಡದ್ದೂ ಉಂಟು. ಈಗ ಬಿಡುತ್ತದೆ, ಈಗ ಬಿಡುತ್ತದೆ. ಈಶಪ್ಪ ನಿಂತಿದ್ದ. ಅವನ ಕಣ್ಣು ವೇಣಿ ಮೇಡಂ ಮುಖದ ಮೇಲಿತ್ತು, ಆ ಮುಖಕ್ಕೆ ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂದು ಅಳೆಯುತ್ತಿತ್ತು.

ಎಷ್ಟು ಹೊತ್ತು? ಆಮೇಲೆ ಎಷ್ಟು ಸಲ ಎಣಿಸಿದರೂ ಅವನಿಗೆ ಲೆಕ್ಕ ಸಿಗಲಿಲ್ಲ. ಮರೆವ್ವನ ಬೆರಳು ದಾಟಿ, ಅಂಗೈ ದಾಟುವಷ್ಟು ಹೊತ್ತು.

"ಅಣ್ಣಾರ, ಕೂಗ್ರಿ!" ಯಮನೂರ ಅಳುತ್ತಿದ್ದ. "ನಿಮ್ಮ ಕೈ ಮುಗೀತೀನಿ, ವೈನಿಯಾರನ್ನ ಕೂಗ್ರಿ!"

ಆಗ ಈಶಪ್ಪ ಗೋಡೆಯ ಮೇಲೆ ಬಿದ್ದ. "ಸುಮಂಗಲಾ! ಮೇನ್ ಎಳಿ!"

ಗೋಡೆಯಾಚೆ ಸದ್ದಿಲ್ಲ. ಅವಳು ಒಪ್ಪಿಕೊಂಡ ಮಾತು ತಪ್ಪುವವಳಲ್ಲ. ಓ ಅನಬೇಡ ಎಂದಿದ್ದ, ಅನ್ನಲಿಲ್ಲ. ಈಶಪ್ಪ ಎರಡೂ ಮುಷ್ಟಿಯಿಂದ ಬ್ಲಾಕುಗಳನ್ನು ಬಡಿದ. ಚರ್ಮ ಕಿತ್ತು ಬಂತು. "ಸುಮೀ! ನಾಟಕ ಅಲ್ಲಲೇ ಇದು! ಮರೆವ್ವನ ಕೈ ಸಿಕ್ಕೈತಿ! ಎಳಿಯೇ ತಾಯಿ, ಮೇನ್ ಎಳಿಯೇ!"

ಶೆಡ್ಡಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ರೋಲರ್ ನಿಂತಿತು. ಮರೆವ್ವನ ನರಳಾಟ ಒಂದೇ ಕೇಳುತ್ತಿತ್ತು. ಯಮನೂರ ಮೇಲಿನ ರೋಲರಿನ ತಿರುಪು ಸಡಿಲಿಸಿ ಕೈ ಬಿಡಿಸುವಾಗ ಈಶಪ್ಪನಿಗೆ ಅತ್ತ ನೋಡಲಾಗಲಿಲ್ಲ. ಹಿಂದಿನ ಗಲ್ಲಿಯಿಂದ ಸುಮಂಗಲಾ ಬರಿಗಾಲಲ್ಲಿ ಓಡಿ ಬಂದಳು. ಉಟ್ಟಿದ್ದ ಇಳಕಲ್ ಸೀರೆಯ ಸೆರಗನ್ನೇ ಹರಿದು ಆ ಕೈಗೆ ಸುತ್ತಿದಳು. ವೇಣಿ ಮೇಡಂ ಒಂದೂ ಮಾತಾಡದೆ ಜೀಪಿನ ಹಿಂಬಾಗಿಲು ತೆಗೆದರು.

ತುಮಕೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನವರು, ಸುತ್ತಿ ಬಳಸಿ ಮಾತಾಡಲು ಬಾರದವರು. "ಮಣಿಕಟ್ಟಿನ ತನಕ ತೆಗೀಬೇಕಾಯ್ತು. ಬೆರಳಲ್ಲೇ ಮಿಷಿನ್ ನಿಲ್ಲಿಸಿದ್ದಿದ್ರೆ ಬೆರಳಲ್ಲೇ ಮುಗೀತಿತ್ತು" ಎಂದು ಹೇಳಿ ಹೋದರು. ಸುಮಂಗಲಾ ಹರಿದು ಉಳಿದ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಗಂಡನ ಕಡೆ ತಿರುಗಿದಳು.

"ಆಕಿ ಚೀರಿದ್ದು ನನಗ ಕೇಳಿಸಿತ್ತು. ಯಾಕ ಚೀರ್ತಾಳ ಅಂತ ಎದ್ದು ನಿಂತಿದ್ದೆ. ನೀವು ಹೇಳೀರಿ ಅಂತ ಸುಮ್ಮನ ನಿಂತೆ. ನೀವು ಬ್ಯಾಗ ಯಾಕ ಕೂಗಲಿಲ್ಲ?"

ಈಶಪ್ಪ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಯಾರ ಮೇಲೆ ಹೊರಿಸಲಿ ಎಂದು ಹುಡುಕಿದ. ಕಂಪನಿ ರೇಟು ಇಳಿಸದೆ ಇದ್ದಿದ್ದರೆ ಸ್ಟಾರ್ಟರ್ ಬದಲಾಗುತ್ತಿತ್ತು. ಸರ್ಕಾರ ಹತ್ತನೆಯವನ ಲೆಕ್ಕ ಇಡದೆ ಇದ್ದಿದ್ದರೆ ಗೋಡೆಯೇ ಇರುತ್ತಿರಲಿಲ್ಲ. ಅರ್ಜಿ ಬರೆದ ಬೇವಾರ್ಸಿ ಬರೆಯದೆ ಇದ್ದಿದ್ದರೆ ಬಾಗಿಲು ತೆರೆದಿರುತ್ತಿತ್ತು. ಎಲ್ಲ ಸರಿಯೇ. ಟೀ ಅಂಗಡಿಯಲ್ಲಿ ಹೇಳಿದ್ದರೆ ನಾಲ್ಕು ಜನ ಹೌದಪ್ಪ ಎನ್ನುತ್ತಿದ್ದರು. ಆದರೆ ಯಮನೂರ ಕೈ ಮುಗಿದಾಗ ಅಲ್ಲಿ ಬಜಾರೂ ನಿಂತಿರಲಿಲ್ಲ, ಸರ್ಕಾರವೂ ನಿಂತಿರಲಿಲ್ಲ. ನಿಂತಿದ್ದವನು ಈಶಪ್ಪ.

ವೇಣಿ ಮೇಡಂ ಮರುದಿನ ಬೆಳಿಗ್ಗೆ ಹೇಳಿಕೆ ತಗೊಳ್ಳಲು ಬಂದರು. ವಾರ್ಡಿನ ಹೊರಗೆ ಈಶಪ್ಪನನ್ನು ತಡೆದು ನಿಲ್ಲಿಸಿದರು. ಅವರದೂ ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣು.

"ಗ್ಲೌಸ್ ನಾನು ನೋಡಿದ್ದೆ ಕಣ್ರೀ. ತೆಗೀಮ್ಮಾ ಅಂತ ಮೊದ್ಲು ಹೇಳ್ಬೇಕಿತ್ತು. ಬಾತ್‌ರೂಮ್ ಕೇಳ್ದೆ." ಫೈಲನ್ನು ಕಂಕುಳಿಗೆ ಸೇರಿಸಿದರು. "ನಂದು ನಾನು ಬರ್ಕೋತೀನಿ. ಗೋಡೆ ವಿಷ್ಯ ಬಿಡಿ, ಅದು ನಾನೇ ಕಣ್ಣಾರೆ ಕಂಡಿದೀನಿ, ಅದಕ್ಕೊಂದು ದಂಡ, ಒಂದು ನೋಟಿಸು, ಕಟ್ಟಿ ಮುಗಿಸ್ತೀರ. ನಾನು ಕೇಳ್ಬೇಕಾಗಿರೋದು ಆ ಕೈ ಸಿಕ್ಕ ಮೇಲೆ ಏನಾಯ್ತು ಅಂತ. ಗಾಬ್ರೀಲಿ ನನ್ಗೆ ಹೊತ್ತಿನ ಅಂದಾಜೇ ಸಿಗ್ಲಿಲ್ಲ. ಮರೆವ್ವ ಏನು ಹೇಳ್ತಾರೋ ಅದೇ ಬರ್ಕೋತೀನಿ."

ಒಳಗೆ ಮರೆವ್ವ ದಿಂಬಿಗೆ ಒರಗಿ ಕೂತಿದ್ದಳು. ಬಲಗೈ ಬಿಳಿ ಬ್ಯಾಂಡೇಜಿನ ದಪ್ಪ ಗಂಟಾಗಿತ್ತು. ಸುಮಂಗಲಾ ಅವಳಿಗೆ ಗಂಜಿ ಕುಡಿಸಿ ಲೋಟ ತೊಳೆಯಲು ಹೋಗಿದ್ದಳು. ವೇಣಿ ಮೇಡಂ ಸ್ಟೂಲಿನ ಮೇಲೆ ಕೂತು ಕಾಗದ ತೆಗೆದರು. ಈಶಪ್ಪ ಕಾಲ ಕಡೆ ನಿಂತ.

"ಹೆಂಗಾಯ್ತು ಹೇಳಮ್ಮಾ. ಯಾರಿಗೂ ಹೆದರ್ಬೇಡ."

ಮರೆವ್ವ ಒಂದು ಸಲ ಈಶಪ್ಪನ ಮುಖ ನೋಡಿದಳು. "ನನ್ನ ತಪ್ಪ ಐತ್ರಿ ಅಕ್ಕಾರ. ಕೈಚೀಲ ಹಾಕಬ್ಯಾಡ ಅಂತ ಅಣ್ಣಾರು ಮದಲ ಹೇಳಿದ್ರು. ಹೊಸಾದು ಐತಿ ಅಂತ ನಾನ ಹಾಕ್ಕೊಂಡೆ. ಲಕ್ಷ್ಯ ಇಡಲಿಲ್ಲ."

"ಕೈ ಸಿಕ್ಕಾಗ ಇವ್ರು ಏನು ಮಾಡಿದ್ರು?"

"ಅಣ್ಣಾರು ತಾಬಡತೋಬ ಕೂಗಿದ್ರಿ. ನಾ ಚೀರೂದು, ಅವರು ಕೂಗೂದು ಒಂದ. ವೈನಿಯಾರಿಗೆ ಕೇಳಾಕ ತಡಾ ಆತು. ಅಣ್ಣಾರು ಇರದಿದ್ರ ನನ್ನ ಪೂರಾ ಕೈ ಹೊಕ್ಕಿತ್ರಿ."

ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಈಶಪ್ಪ ಸದ್ಯ ಬದುಕಿದೆ ಅಂದುಕೊಂಡ. ನಾಚಿಕೆಗೇಡಿನ ಮಾತು, ಆದರೆ ನಿಜ, ಹಾಗೇ ಅಂದುಕೊಂಡ. ದಂಡ ಕಟ್ಟಿದರಾಯಿತು. ಕಂಪನಿಯ ಕಾಲು ಹಿಡಿದರಾಯಿತು. ಮರೆವ್ವನಿಗೆ ಏನಾದರೂ ಮಾಡಿದರಾಯಿತು.

ವೇಣಿ ಮೇಡಂ ಬರೆದದ್ದನ್ನು ಓದಿ ಹೇಳಿದರು. ಕಾಗದವನ್ನು ಮರೆವ್ವನ ಮುಂದಿಟ್ಟು, ಅಭ್ಯಾಸ ಬಲದಿಂದ ಪೆನ್ನು ಚಾಚಿದರು. ಮರೆವ್ವ ತನ್ನ ಬಲಗೈ ಎತ್ತಿದಳು. ಎತ್ತಿದ ಮೇಲೆ ನೋಡಿಕೊಂಡಳು. ಪೆನ್ನು ಅವಳ ಬ್ಯಾಂಡೇಜಿನ ಎದುರು ಹಾಗೇ ನಿಂತಿತ್ತು.

"ಸಹಿ ಬರ‍್ತೈತ್ರಿ ನನಗ," ಎಂದಳು ಮರೆವ್ವ ಮೆಲ್ಲಗೆ. "ಮಗಳು ಕಲಿಸ್ಯಾಳ. ಹೋದ ವರ್ಷ ಇಡೀ ದೀಪಾವಳಿ ಸೂಟಿ ಕುಂದರಿಸಿ ಕಲಿಸಿದ್ಲು. ಬ್ಯಾಂಕಿನ್ಯಾಗ ಹೆಬ್ಬಟ್ಟು ಅಂತ ಅನಿಸಿಕೋಬಾರದಂತ."

ವೇಣಿ ಮೇಡಂ ಚೀಲ ತಡಕಿ ಇಂಕಿನ ಪ್ಯಾಡು ತೆಗೆದರು. ಅವಳ ಎಡಗೈ ಹೆಬ್ಬೆರಳನ್ನು ಹಿಡಿದು, ಮಗುವಿನ ಬೆರಳು ಹಿಡಿದಷ್ಟು ಮೆತ್ತಗೆ, ಇಂಕಿಗೆ ಒತ್ತಿದರು. ನೀಲಿಯಾದ ಹೆಬ್ಬೆರಳು ಕಾಗದದ ಕಡೆ ಇಳಿಯಿತು.

"ತಡೀರಿ ಮೇಡಂ."

ಈಶಪ್ಪನಿಗೆ ತನ್ನ ದನಿಯೇ ಬೇರೆಯವರದು ಅನ್ನಿಸಿತು. "ಹಚ್ಚಬ್ಯಾಡ್ರಿ ಅದನ್ನ. ಸುಳ್ಳು ಅದು. ಕೈಚೀಲ ಹಾಕ್ಕೊ ಅಂದಾಂವ ನಾನು. ಕೈ ಸಿಕ್ಕಾಗ ನಾನು ಕೂಗಲಿಲ್ಲ. ನಿಂತಿದ್ದೆ. ಕೂಗಿದ್ರ ಗೋಡಿ ವಿಷಯ ನಿಮಗ ತಿಳೀತೈತಿ ಅಂತ ನಿಂತಿದ್ದೆ." ಮರೆವ್ವನ ಕಡೆ ತಿರುಗಿದ. "ಮರೆವ್ವ, ತಂಗಿ, ನಿನಗ ಗೊತ್ತಿಲ್ಲ..."

"ಗೊತ್ತೈತಿ," ಎಂದಳು ಮರೆವ್ವ.

ಅವಳ ಹೆಬ್ಬೆರಳು ಕಾಗದದ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತ್ತು. "ನಾ ನಿಮ್ಮ ಮುಖಾನ ನೋಡಾಕತ್ತಿದ್ದೆ ಅಣ್ಣಾರ. ಕೈ ಕಡಿ ನೋಡಾಕ ಅಂಜಿಕಿ ಆತು, ನಿಮ್ಮನ್ನ ನೋಡಿದೆ. ನೀವು ನನ್ನ ಕಡಿ ನೋಡಲೇ ಇಲ್ಲ. ಈ ಅಕ್ಕಾರನ್ನ ನೋಡ್ಕೋತ ನಿಂತಿದ್ರಿ."

"ಮತ್ತ ಯಾಕ ಸುಳ್ ಹೇಳಿದಿ?"

ಮರೆವ್ವನ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ಆರು ವರ್ಷದಲ್ಲಿ ಆ ಸ್ವರವನ್ನು ಈಶಪ್ಪ ಒಮ್ಮೆಯೂ ಕೇಳಿರಲಿಲ್ಲ.

"ಯಾಕಂದ್ರ? ನಿಮ್ಮ ಶೆಡ್ ಮುಚ್ಚಿದ್ರ ಒಂದು ಕೈಯ್ಯಾಕಿಗೆ ಈ ಪೀಣ್ಯದಾಗ ಯಾರು ಕೆಲಸ ಕೊಡ್ತಾರ? ತಿಂಗಳಾ ಬಾಡಿಗಿ ಯಾರು ಕೊಡ್ತಾರ? ನನ್ನ ಮಗಳ ಓದು ಏನಾಕ್ಕೈತಿ? ಈ ಸುಳ್ಳು ಹೇಳಿದ್ರ ನೀವು ಜೀವ ಇರೂತನಕ ನನಗ ಇಲ್ಲ ಅನ್ನೂದಿಲ್ಲ ಅಂತ ರಾತ್ರಿ ಎಲ್ಲಾ ಲೆಕ್ಕ ಹಾಕೀನಿ. ನನ್ನ ಹಂತ್ಯಾಕ ಮಾರಾಕ ಅದೊಂದ ಉಳದಿತ್ತು. ಅದನ್ನೂ ಕಸಗೊಂಡ್ರಿ."

"ಪರಿಹಾರ ಬರುತ್ತಮ್ಮಾ, ಕಾನೂನಿನ ಪ್ರಕಾರ..." ಎಂದು ವೇಣಿ ಮೇಡಂ ಶುರುಮಾಡಿದರು.

"ಯಾವಾಗ ಬರ‍್ತೈತ್ರಿ ಅಕ್ಕಾರ?"

ವೇಣಿ ಮೇಡಂ ಬಾಯಿ ತೆರೆದರು. ದಿನಾಂಕ ಹೇಳಲು ಅವರಿಂದ ಆಗಲಿಲ್ಲ.

ಮರೆವ್ವ ಈಶಪ್ಪನ ಕಡೆ ತಿರುಗಿದಳು. "ನಿನ್ನೆ ಬಾಯಿ ಬಿಡಬೇಕಿತ್ತು, ಸುಮ್ಮನ ನಿಂತ್ರಿ. ಇವತ್ತು ಸುಮ್ಮನಿರಬೇಕಿತ್ತು, ಬಾಯಿ ಬಿಟ್ರಿ. ಎರಡೂ ಸಲ ಹೋಗಿದ್ದು ನಂದ."

ಈಶಪ್ಪ ಮಂಚದ ಕಬ್ಬಿಣದ ಪಟ್ಟಿ ಹಿಡಿದು ನಿಂತ. ವೇಣಿ ಮೇಡಂ ಆ ಕಾಗದವನ್ನು ಎರಡಾಗಿ ಮಡಚಿ ಫೈಲಿನ ಅಡಿಗಿಟ್ಟು, ಹೊಸ ಹಾಳೆ ತೆಗೆದು, ಅವನ ಪೂರ್ತಿ ಹೆಸರು ಕೇಳಿದರು.